ಮುಚ್ಚಿಟ್ಟ ಬಾಟಲಿ, ಹಂಚಿಕೊಂಡ ಬಾಟಲಿ



ತಲೆಬರಹ ನೋಡಿ ನಿಮ್ಮ ಮನೆಯ ಹಿರಿಯರು ಹುಬ್ಬೇರಿಸಬಹುದು. ಸಂಘದ ಪತ್ರಿಕೆಗೆ ಇಷ್ಟು ವರ್ಷ ಶೇಂಗಾ ಹೋಳಿಗೆ, ಸಂಕ್ರಾಂತಿಯ ಎಳ್ಳು-ಬೆಲ್ಲ, ಮಕ್ಕಳಿಗೆ ಕನ್ನಡ ಕಲಿಸುವುದು ಹೇಗೆ ಎಂದೆಲ್ಲ ಬರೆದುಕೊಂಡಿದ್ದವಳು ಈಗ ಕೆಂಪು ವೈನ್ ಬಗ್ಗೆ ಬರೆಯಲು ಕೂತಿದ್ದೇನೆ ಎಂದರೆ ಯಾರಿಗಾದರೂ ಆಶ್ಚರ್ಯವಾದೀತು. ನಮ್ಮ ಮನೆಯವರನ್ನು ಕೇಳಿದೆ. "ಬರಿ, ಆದರ ಖರೇ ಬರಿ" ಎಂದರು. ಹಾಗಾಗಿ ಖರೇ ಬರೆಯುತ್ತಿದ್ದೇನೆ. ಕುಡಿಯಿರಿ ಎಂದು ಹೇಳುವುದಕ್ಕಲ್ಲ, ಕುಡಿದರೆ ಕೆಟ್ಟಿರಿ ಎಂದು ಬೈಯುವುದಕ್ಕೂ ಅಲ್ಲ. ನಮ್ಮ ಮನೆಯಲ್ಲಿ, ನಮ್ಮ ಕಟ್ಟಡದ ತಾರಸಿಯ ಮೇಲೆ ನಡೆದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಕಳೆದ ದೀಪಾವಳಿಯ ಮುಂಚೆ ಮನೆ ಸ್ವಚ್ಛ ಮಾಡುತ್ತಿದ್ದೆ. ಮಗನ ಕಪಾಟಿನ ಮೇಲಿನ ಹಲಗೆಯಲ್ಲಿ, ಹಳೆಯ ಕ್ರಿಕೆಟ್ ಪ್ಯಾಡುಗಳ ಹಿಂದೆ, ಟವೆಲಿನಲ್ಲಿ ಸುತ್ತಿಟ್ಟ ಒಂದು ಬಾಟಲಿ ಕೈಗೆ ಸಿಕ್ಕಿತು. ಕೆಂಪು ವೈನ್. ಅರ್ಧ ಖಾಲಿಯಾಗಿತ್ತು. ಮಗನಿಗೆ ಈಗ 26 ವರ್ಷ. ಹಿಂಜವಡಿಯಲ್ಲಿ ಕೆಲಸ, ಸ್ವಂತ ಸಂಪಾದನೆ. ತಿಂಗಳಿಗೆ ಸರಿಯಾಗಿ ಮನೆಗೆ ದುಡ್ಡು ಕೊಡುತ್ತಾನೆ, ಅಜ್ಜಿಗೆ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಆದರೂ ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ನಾನು ಸ್ಟೂಲಿನ ಮೇಲೆಯೇ ಕೂತುಬಿಟ್ಟೆ. ಇದ್ದಲ್ಲಿಯೇ ಅದನ್ನು ಮರಳಿ ಇಟ್ಟೆ. ಏನೂ ಕೇಳಲಿಲ್ಲ. ಮೂರು ದಿನ ಅವನ ಜೊತೆ ಸರಿಯಾಗಿ ಮಾತಾಡಲೂ ಇಲ್ಲ. ಪಾಪ, ಏನಾಯಿತೆಂದು ಅವನಿಗೆ ತಿಳಿಯಲಿಲ್ಲ. ಸಿಟ್ಟು ಬಂದರೆ ಮೌನ ಹಿಡಿಯುವುದು ನನ್ನ ಹಳೆಯ ಚಾಳಿ.

ನನ್ನ ಹೆದರಿಕೆಗೆ ಕಾರಣವಿತ್ತು. ಅದನ್ನು ಹೇಳಬೇಕಾದರೆ ವಿಜಯಪುರ ಜಿಲ್ಲೆಯ ನಮ್ಮ ತವರಿಗೆ ಹೋಗಬೇಕು.

ತಿಕೋಟಾ ಕಡೆ ನಮ್ಮ ಅಪ್ಪನದು ದ್ರಾಕ್ಷಿ ತೋಟ. ದ್ರಾಕ್ಷಿ ಎಂದರೆ ನಿಮಗೆ ಹಣ್ಣಿನ ಗಾಡಿಯವನ ಪೊಟ್ಟಣ. ನಮಗೆ ಅದು ವರ್ಷವಿಡೀ ಮಾಡುವ ಬಾಣಂತನ. ಏಪ್ರಿಲ್‌ನಲ್ಲಿ ಒಮ್ಮೆ ಚಾಟಣಿ, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಚಾಟಣಿ. ಬಳ್ಳಿ ಕತ್ತರಿಸುವುದಕ್ಕೆ ನಮ್ಮ ಕಡೆ ಚಾಟಣಿ ಎನ್ನುತ್ತಾರೆ. ಎರಡು ಸಲ ಕತ್ತರಿಸಿದರೂ ಬೆಳೆ ಮಾತ್ರ ಒಂದೇ. ಡಿಸೆಂಬರ್‌ನಲ್ಲಿ ಮೋಡ ಕವಿದರೆ ಅಪ್ಪನ ಮುಖವೂ ಕವಿಯುತ್ತಿತ್ತು. ಕಾಳು ದಪ್ಪವಾಗಲೆಂದು ಗೊಂಚಲುಗಳನ್ನು ಒಂದೊಂದಾಗಿ ಜಿ.ಎ. ದ್ರಾವಣದಲ್ಲಿ ಅದ್ದುವ ಕೆಲಸಕ್ಕೆ ನಾವು ಮಕ್ಕಳೂ ಹೋಗುತ್ತಿದ್ದೆವು. ಮಾರ್ಚ್ ಹೊತ್ತಿಗೆ ಹಣ್ಣು ಇಳಿಸಿ ಜಾಳಿಗೆಯ ಶೆಡ್ಡಿನಲ್ಲಿ ಹರಡಿದರೆ ಹದಿನೈದು-ಇಪ್ಪತ್ತು ದಿನಕ್ಕೆ ಒಣದ್ರಾಕ್ಷಿ. ಅಷ್ಟು ದ್ರಾಕ್ಷಿಯ ನಡುವೆ ಬೆಳೆದರೂ ನಮ್ಮ ಮನೆಯಲ್ಲಿ ಅದರಿಂದ ಮಾಡಿದ ವೈನಿನ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ.

ಎತ್ತದಿರಲು ನಮ್ಮ ಕಾಕಾ ಕಾರಣ. ಅಪ್ಪನ ತಮ್ಮ. ನನ್ನನ್ನು ಸೈಕಲ್ಲಿನ ಮುಂದಿನ ದಂಡದ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು. ಹಾಡಿಕೆಯ ಪದ ಹಾಡಲು ನಿಂತರೆ ಓಣಿಯೇ ನಿಲ್ಲುತ್ತಿತ್ತು. ಅವನು ಸಾರಾಯಿಗೆ ಬಿದ್ದ. ಎಂದು ಶುರುವಾಯಿತೋ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಯಾರ ಎದುರಿಗೂ ಅವನು ಕುಡಿಯಲಿಲ್ಲ. ಮೊದಲು ಪಂಪಿನ ಮನೆಯಲ್ಲಿ, ಆಮೇಲೆ ಬಣವೆಯ ಹಿಂದೆ, ಕೊನೆಗೆ ಎಲ್ಲೆಂದರಲ್ಲಿ. ಮನೆಯವರಿಗೆ ಗೊತ್ತಾದ ಮೇಲೂ ಯಾರೂ ಬಾಯಿಬಿಟ್ಟು ಮಾತಾಡಲಿಲ್ಲ. "ಜಡ್ಡು ಅದ" ಎಂದು ಬೀಗರ ಮುಂದೆ ಮುಚ್ಚಿದೆವು. 1996ರಲ್ಲಿ ಅವನು ತೀರಿಕೊಂಡಾಗ ವಯಸ್ಸು 41. ಕರ್ನಾಟಕ ಸರಕಾರ ಸಾರಾಯಿಯನ್ನು ನಿಷೇಧಿಸಿದ್ದು 2007ರ ಜುಲೈ 1ರಂದು. ಆ ಸುದ್ದಿ ಕೇಳಿದ ದಿನ ನಮ್ಮ ಕಾಕು ದೇವರ ಮುಂದೆ ದೀಪ ಹಚ್ಚಿ ಬಹಳ ಹೊತ್ತು ಕೂತಿದ್ದರಂತೆ.

ಅದೇ 2007ರಲ್ಲಿ ಕರ್ನಾಟಕದಲ್ಲಿ ದ್ರಾಕ್ಷಾರಸ ನೀತಿಯೂ ಬಂತು. ನಮ್ಮ ಕೃಷ್ಣಾ ಕಣಿವೆಯ ಭಾಗದಲ್ಲಿ ವೈನ್ ದ್ರಾಕ್ಷಿ ಬೆಳೆಯಲು ಪ್ರೋತ್ಸಾಹ ಕೊಡುವ ಮಾತು ಬಂದಾಗ ಊರಿನ ಕೆಲವರು ಅಪ್ಪನನ್ನೂ ಕೇಳಿದರು. "ತಮ್ಮನ್ನ ತಿಂದ ಜಾತಿಯ ಬೆಳಿ ನಾ ಬೆಳ್ಯಾಂಗಿಲ್ಲ" ಎಂದು ಅಪ್ಪ ಎದ್ದು ಹೋದ. ಸಾರಾಯಿಯೇ ಬೇರೆ, ವೈನೇ ಬೇರೆ ಎಂದು ತಿಳಿಸಿ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಆಗ ಅದು ಬೇರೆ ಎನಿಸಿರಲಿಲ್ಲ.

ಒಂದು ತಮಾಷೆ ಮಾತ್ರ ಹೇಳಲೇಬೇಕು. ಇಷ್ಟು ಕಟ್ಟುನಿಟ್ಟಿನ ಮನೆಯಲ್ಲಿ ನಮ್ಮ ಅಜ್ಜಿ ರಾತ್ರಿ ಊಟವಾದ ಮೇಲೆ ಎರಡು ಚಮಚ ದ್ರಾಕ್ಷಾಸವ ತೆಗೆದುಕೊಳ್ಳುತ್ತಿದ್ದರು. ಆಯುರ್ವೇದದ ಆಸವ, ಅರಿಷ್ಟಗಳೆಲ್ಲ ಹುಳಿ ಬರಿಸಿ ಮಾಡಿದವು, ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶ ಇರುತ್ತದೆ ಎಂದು ನಾನು ಬಿ.ಎ. ಓದುವಾಗ ತಿಳಿದುಕೊಂಡು ಅಜ್ಜಿಗೆ ಹೇಳಿದ್ದೆ. "ಔಷಧಕ್ಕ ಹೆಸರಿಡಬ್ಯಾಡ" ಎಂದು ತಲೆಯ ಮೇಲೆ ಮೊಟಕಿದ್ದರು. ಆ ಬಿ.ಎ.ಯದೂ ಅದೇ ಕಥೆ. ಇಂಗ್ಲಿಷ್ ಸಾಹಿತ್ಯ ಓದುವಾಗ ಕೀಟ್ಸ್ ಕವಿಯ ನೈಟಿಂಗೇಲ್ ಪದ್ಯದಲ್ಲಿ ದ್ರಾಕ್ಷಾರಸ ಬರುತ್ತದೆ. ಉಮರ್ ಖಯ್ಯಾಮನ ಪದ್ಯಗಳನ್ನು ನಮ್ಮ ಡಿ.ವಿ.ಜಿ.ಯವರೇ 'ಉಮರನ ಒಸಗೆ' ಎಂದು ಕನ್ನಡಕ್ಕೆ ತಂದಿದ್ದಾರೆ. ಅಲ್ಲಿಯೂ ಅದೇ ರಸ. ಪರೀಕ್ಷೆಗೆ ಪುಟಗಟ್ಟಲೆ ಬರೆದು ಮಾರ್ಕು ತಂದೆವು. ರುಚಿ ಏನೆಂದು ಯಾರಿಗೆ ಗೊತ್ತಿತ್ತು!

ಈಗ ತಾರಸಿಗೆ ಬರೋಣ.

ಪುಣೆಯ ನಮ್ಮ ಕಟ್ಟಡದಲ್ಲಿ ಮರಾಠಿಯವರು, ಗೋವಾದವರು, ತಮಿಳರು, ಪಂಜಾಬಿಗಳು, ಕನ್ನಡದವರೆಂದರೆ ನಾವೊಬ್ಬರು. ಫೆಬ್ರುವರಿಯಲ್ಲಿ ನಾಲ್ಕನೇ ಮಹಡಿಯ ನಿವೃತ್ತ ಬ್ಯಾಂಕ್ ಅಧಿಕಾರಿ ಒಂದು ಯೋಜನೆ ಹಾಕಿದರು. ದ್ರಾಕ್ಷಿ ಸುಗ್ಗಿಯ ಕಾಲ, ಸಂಜೆ ಇನ್ನೂ ತಂಪಾಗಿದೆ, ಶನಿವಾರ ಎಲ್ಲರೂ ತಾರಸಿಯಲ್ಲಿ ಸೇರೋಣ. ಐದು ಮನೆಯವರು ಒಂದೊಂದು ಬಾಟಲಿ ಕೆಂಪು ವೈನ್ ತರಬೇಕು, ಉಳಿದವರು ತಿನಿಸು ತರಬೇಕು. ಬಾಟಲಿಯ ಬೆಲೆ 1000 ರೂಪಾಯಿ ದಾಟಬಾರದು. ಬಾಟಲಿಗಳಿಗೆ ವೃತ್ತಪತ್ರಿಕೆ ಸುತ್ತಿ ನಂಬರು ಹಾಕುವುದು. ಯಾವುದು ಯಾರದೆಂದು ತಿಳಿಯದೆ ರುಚಿ ನೋಡಿ, ಹಿಡಿಸಿದ್ದಕ್ಕೆ ಒಂದು ಹುಣಸೆ ಬೀಜ ಹಾಕುವುದು. ಹುಣಸೆ ಬೀಜದ ಸಲಹೆ ಮೂರನೇ ಮಹಡಿಯ ಮಾವಶಿಯದು. ಅವರಿಗೆ ಎಪ್ಪತ್ತೆರಡು ವರ್ಷ.

"ನಮ್ಮ ಮನಿಂದ ರೊಟ್ಟಿ, ಎಣ್ಣಿಗಾಯಿ ಬರತಾವ. ಬಾಟ್ಲಿ ಬರಂಗಿಲ್ಲ" ಎಂದೆ ನಾನು. ಮಗ ತಟ್ಟೆ ನೋಡುತ್ತ ಊಟ ಮಾಡುತ್ತಿದ್ದ. ನಮ್ಮವರು ನನ್ನ ಮುಖ ನೋಡಿದರು. ಆ ಮೌನ ನನಗೆ ಎಲ್ಲೋ ಕೇಳಿದಂತಿತ್ತು. ತವರಿನ ಪಡಸಾಲೆಯಲ್ಲಿ ಕಾಕಾನ ಸುತ್ತ ನಾವೆಲ್ಲ ಕೂಡಿ ಕಟ್ಟಿದ್ದ ಮೌನ ಅದು. ಅವನು ಮುಚ್ಚಿಟ್ಟ, ನಾವೂ ಮುಚ್ಚಿಟ್ಟೆವು. ಹನ್ನೆರಡು ವರ್ಷ ಯಾರೂ ಒಂದು ಮಾತೂ ಕೇಳಲಿಲ್ಲ. ನಾನು ಮಗನಿಗೆ ಮೂರು ದಿನ ಮಾಡಿದ್ದೂ ಅದನ್ನೇ ಅಲ್ಲವೇ?

ರಾತ್ರಿ ಪಾತ್ರೆ ತೊಳೆದು ಅವನ ಕೋಣೆಗೆ ಹೋದೆ. "ಪ್ಯಾಡಿನ ಹಿಂದ ಇಟ್ಟೀಯಲ್ಲ, ಅದು ಯಾವುದು?" ಎಂದೆ. ಹುಡುಗನ ಮುಖ ಬಿಳುಚಿತು. "ಅವ್ವಾ, ಅದು... ತಿಂಗಳಿಗೊಮ್ಮೆ, ಗೆಳೆಯಾರ ಬಂದಾಗ..." ಎಂದು ತಡವರಿಸಿದ. ನಾನು ಕಾಕಾನ ಕಥೆ ಪೂರ್ತಿ ಹೇಳಿದೆ. ಆ ದಿನದವರೆಗೆ ಅವನಿಗೆ ಗೊತ್ತಿದ್ದದ್ದು ಜಡ್ಡಿನಿಂದ ಸತ್ತ ಒಬ್ಬ ಅಜ್ಜನ ಫೋಟೋ ಅಷ್ಟೇ. ಹೇಳಿ ಮುಗಿಸಿ, "ಶನಿವಾರಕ್ಕ ನಮ್ಮನೀ ಬಾಟ್ಲಿ ನೀನ ತಗೊಂಡು ಬಾ. ಎಲ್ಲಾರ ಎದುರಿಗೆ ತೆಗಿ. ಮುಚ್ಚಿ ಮಾತ್ರ ಇಡಬ್ಯಾಡ" ಎಂದೆ. ಅವನು ಏನೂ ಅನ್ನಲಿಲ್ಲ. ನಾನು ಏಳುವಾಗ ಕೈ ಹಿಡಿದುಕೊಂಡ.

ಮರುದಿನ ಅವನು ತಂದದ್ದು ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಕಂಪನಿಯದು. "ಕನ್ನಡ ಮಂದಿ ಬಾಟ್ಲಿ ಕನ್ನಡ ಮಣ್ಣಿಂದ ಇರಲಿ, ಅವ್ವಾ" ಎಂದ. ಅದರ ಕಥೆಯನ್ನೂ ಹೇಳಿದ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸ್‌ನ ದ್ರಾಕ್ಷಿ ಬಳ್ಳಿಗಳನ್ನು ತಂದು 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ತೋಟ ಹಾಕಿದರಂತೆ. ಮೊದಲ ವೈನ್ ಹೊರಬಂದದ್ದು 1992ರಲ್ಲಿ. ನಮ್ಮ ಮಹಾರಾಷ್ಟ್ರದ ನಾಸಿಕದಲ್ಲಿ ಅಮೆರಿಕೆಯಿಂದ ಮರಳಿದ ರಾಜೀವ ಸಾಮಂತ ಎಂಬವರು 1990ರ ದಶಕದ ಕೊನೆಯಲ್ಲಿ ಸುಲಾ ಶುರು ಮಾಡಿದರು. ತಾಯಿ ಸುಲಭಾ ಅವರ ಹೆಸರಿನಿಂದಲೇ ಸುಲಾ ಎಂಬ ಹೆಸರು ಬಂದದ್ದು. ತಾಯಿಯ ಹೆಸರನ್ನು ಬಾಟಲಿಯ ಮೇಲೆ ಬರೆಸಿದ ಮಗನೂ ಇದ್ದಾನೆ, ತಾಯಿಗೆ ಕಾಣದಂತೆ ಬಾಟಲಿಯನ್ನು ಪ್ಯಾಡಿನ ಹಿಂದೆ ಇಟ್ಟ ಮಗನೂ ಇದ್ದಾನೆ ಎಂದು ನಾನು ಹೇಳಿದಾಗ ಮೂವರೂ ನಕ್ಕೆವು. ಬಹಳ ದಿನಗಳ ಮೇಲೆ ನಮ್ಮ ಮನೆಯಲ್ಲಿ ಅಂಥ ನಗು ಕೇಳಿತು.

ಶನಿವಾರ ಸಂಜೆ ನಾವು ಹದಿನಾಲ್ಕು ಜನ ಸೇರಿದೆವು. ಜಮಖಾನೆ ಹಾಸಿತ್ತು. ಬಾಟಲಿಗಳನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತಂದಿದ್ದರು. ನನಗೆ ಆಶ್ಚರ್ಯ. ಕೆಂಪು ವೈನನ್ನು ಕೋಣೆಯ ಬಿಸುಪಿನಲ್ಲೇ ಕುಡಿಯಬೇಕೆಂದು ಎಲ್ಲೋ ಓದಿದ್ದೆ. ಬ್ಯಾಂಕಿನವರು ವಿವರಿಸಿದರು: "ವಹಿನಿ, ಅದು ಯುರೋಪಿನ ಚಳಿಯ ಕೋಣೆ. 16-18 ಡಿಗ್ರಿ. ನಮ್ಮ ಕೋಣೆ 30 ಡಿಗ್ರಿ. ಆ ಬಿಸಿಯಲ್ಲಿ ಬರೀ ಮದ್ಯದ ಘಾಟು ಮೂಗಿಗೆ ಹೊಡೆಯುತ್ತದೆ." ತಿರುಪಿನ ಮುಚ್ಚಳವಿದ್ದರೆ ಕಳಪೆ ಮಾಲು ಎಂಬುದೂ ತಪ್ಪು ತಿಳುವಳಿಕೆಯಂತೆ. ಬಿರಡೆ ತೆಗೆಯಲು ಬಾರದ ನಮ್ಮಂಥವರಿಗೆ ಅದೇ ಅನುಕೂಲ.

ಬಿಳಿ ವೈನಿಗೂ ಕೆಂಪು ವೈನಿಗೂ ಏನು ವ್ಯತ್ಯಾಸ ಎಂದು ಯಾರೋ ಕೇಳಿದರು. ಆಗ ನನಗೂ ಮಾತು ಬಂತು. ಕಪ್ಪು ದ್ರಾಕ್ಷಿಯ ಹಣ್ಣು ಹಿಂಡಿ ನೋಡಿ, ಸಾಮಾನ್ಯವಾಗಿ ರಸಕ್ಕೆ ಬಣ್ಣವೇ ಇರುವುದಿಲ್ಲ. ಬಣ್ಣ ಇರುವುದು ಸಿಪ್ಪೆಯಲ್ಲಿ. ರಸ ಹುಳಿಯುವಾಗ ಸಿಪ್ಪೆಯನ್ನೂ ಅದರಲ್ಲೇ ಬಿಟ್ಟರೆ ಕೆಂಪು. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯ ಮಾಡುತ್ತದೆ. ನಾವು ತಿನ್ನುವ ದ್ರಾಕ್ಷಿ ದಪ್ಪಗೆ, ಬೀಜವಿಲ್ಲದೆ, ತೆಳು ಸಿಪ್ಪೆಯಿಂದ ಇರಬೇಕು. ವೈನಿಗೆ ಅದರ ಉಲ್ಟಾ. ಸಣ್ಣ ಕಾಳು, ದಪ್ಪ ಸಿಪ್ಪೆ, ಬೀಜ. ಒಂದು ಬಾಟಲಿಗೆ ಸುಮಾರು ಒಂದು ಕಿಲೋಗಿಂತ ತುಸು ಹೆಚ್ಚು ಹಣ್ಣು ಹೋಗುತ್ತದೆ. ತೋಟದಲ್ಲಿ ಬೆಳೆದ ಹುಡುಗಿಯ ಮಾತನ್ನು ಎಲ್ಲರೂ ಕಿವಿಗೊಟ್ಟು ಕೇಳಿದರು. ಇಪ್ಪತ್ತು ವರ್ಷದಿಂದ ಆ ಕಟ್ಟಡದಲ್ಲಿದ್ದರೂ ನಮ್ಮಪ್ಪನದು ದ್ರಾಕ್ಷಿ ತೋಟವೆಂದು ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ರುಚಿ ನೋಡುವ ಸರದಿ. ಪ್ರತಿ ಬಾಟಲಿಯಿಂದ ತಲೆಗೆ 50 ಮಿಲಿಲೀಟರ್, ಅಂದರೆ ಮೂರು-ನಾಲ್ಕು ಗುಟುಕು. ನಾನು ಬೇಡವೆಂದೆ. ಯಾರೂ ಒತ್ತಾಯಿಸಲಿಲ್ಲ. ಒತ್ತಾಯಿಸಿದ್ದರೆ ಬಹುಶಃ ಎದ್ದೇ ಹೋಗುತ್ತಿದ್ದೆ. ಯುವಕರು ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಮಾತು ಆಡುತ್ತಿದ್ದರು. "ಟ್ಯಾನಿನ್ ಜಾಸ್ತಿ ಇದೆ" ಎಂದು ಒಬ್ಬ. "ಟ್ಯಾನಿನ್ ಅಂದರೇನು?" ಎಂದು ಮಾವಶಿ. ಅವನಿಗೆ ಹೇಳಲು ಬರಲಿಲ್ಲ. "ಒಂದು ಥರ... ನಾಲಿಗೆ ಒಣಗಿದ ಹಾಗೆ..." ಎಂದ. ಕುತೂಹಲಕ್ಕೆ ನಾನು ಮಗನ ಗ್ಲಾಸಿನಿಂದ ಒಂದು ಗುಟುಕು ತೆಗೆದುಕೊಂಡೆ. ಹೌದು ಮಕ್ಕಳೇ, ಐವತ್ತು ದಾಟಿದ ಮೇಲೆ, ಜೀವನದಲ್ಲಿ ಮೊದಲ ಸಲ.

"ಒಗರು!" ಎಂದೆ.

ನೆಲ್ಲಿಕಾಯಿ ಕಚ್ಚಿದಾಗ, ಹಸಿ ಅಡಿಕೆ ಜಗಿದಾಗ, ಬಾಳೆಕಾಯಿಯ ಸಿಪ್ಪೆ ನಾಲಿಗೆಗೆ ತಾಗಿದಾಗ ಆಗುವುದು ಇದೇ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು, ಹೀಗೆ ಆರು ರುಚಿಯನ್ನು ನಮ್ಮ ಅಜ್ಜಿಯರು ಬೆರಳು ಮಡಚಿ ಎಣಿಸುತ್ತಿದ್ದರು. ಎಲ್ಲರೂ ಹುಡುಕುತ್ತಿದ್ದ ಆ ಮಾತು ನಮ್ಮ ಅಡಿಗೆಮನೆಯಲ್ಲಿ ಮೊದಲಿನಿಂದಲೂ ಇತ್ತು. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಒಗರೇ ಆ ಟ್ಯಾನಿನ್. ಮಾವಶಿ ಮರಾಠಿಯಲ್ಲಿ "ತುರಟ!" ಎಂದು ಚಪ್ಪಾಳೆ ತಟ್ಟಿದರು. ತಮಿಳು ಮನೆಯಾಕೆ "ತುವರ್ಪು" ಎಂದರು. ಮೂರು ಭಾಷೆಯ ಅಡಿಗೆಮನೆಗಳು ಒಂದೇ ಗುಟುಕಿನಲ್ಲಿ ಒಂದಾದವು. ಕನ್ನಡ ಬರೀ ಹಬ್ಬಕ್ಕೆ, ಅಜ್ಜಿಯ ಫೋನಿಗೆ ಸಾಕು ಎಂದುಕೊಂಡಿದ್ದ ನನ್ನ ಮಗ ಆ ರಾತ್ರಿಯೆಲ್ಲ ಗೆಳೆಯರಿಗೆ "ಒಗರು, ಒಗರು" ಎಂದು ಕಲಿಸುತ್ತಿದ್ದ.

ಒಗರಿನ ಸ್ವಭಾವ ಗೊತ್ತಾದ ಮೇಲೆ ಯಾವ ತಿನಿಸು ಹೊಂದುತ್ತದೆ ಎಂಬುದೂ ಗೊತ್ತಾಯಿತು. ಖಾರದ ಮಿರ್ಚಿ ಭಜಿ ತಿಂದು ಗುಟುಕರಿಸಿದವರ ಬಾಯಿ ಇನ್ನಷ್ಟು ಉರಿಯಿತು. ಮದ್ಯವೂ ಒಗರೂ ಖಾರವನ್ನು ಕೆರಳಿಸುತ್ತವೆ. ಶೇಂಗಾ ಹೋಳಿಗೆ ತಿಂದು ಕುಡಿದವರಿಗೆ ವೈನ್ ಬರೀ ಹುಳಿ ಎನಿಸಿತು. ಎಣ್ಣೆ, ಕೊಬ್ಬು ಇದ್ದ ತಿನಿಸು ಒಗರನ್ನು ಮೆತ್ತಗೆ ಮಾಡುತ್ತದೆ. ಹುರಿದ ಶೇಂಗಾ, ಪನೀರು, ಚೀಸು ಎಲ್ಲ ನಡೆದವು. ಎಲ್ಲಕ್ಕಿಂತ ಬೇಗ ಖಾಲಿಯಾದದ್ದು ನನ್ನ ಎಣ್ಣೆಗಾಯಿ. ಶೇಂಗಾ, ಎಳ್ಳು, ಗುರೆಳ್ಳಿನ ಮಸಾಲೆ ತುಂಬಿದ ಎಳೆ ಬದನೆಕಾಯಿ. ಖಾರ ಕಡಿಮೆ ಹಾಕಿದ್ದು ಒಳ್ಳೆಯದಾಯಿತು.

ಕೊನೆಗೆ ಹುಣಸೆ ಬೀಜ ಎಣಿಸಿದರು. ಹನ್ನೊಂದು ಜನ ಬೀಜ ಹಾಕಿದ್ದರು. ಮೊದಲು ಬಂದದ್ದು ಅಕಲೂಜಿನ ಸಾಂಜಿಯೋವೇಸೆ, ನಾಲ್ಕು ಬೀಜ. ಅಕಲೂಜ ಎಂದರೆ ನಮ್ಮ ವಿಜಯಪುರದ ಪಕ್ಕದ ಸೊಲ್ಲಾಪುರ ಜಿಲ್ಲೆ. ಇಟಲಿಯ ದ್ರಾಕ್ಷಿಯನ್ನು ಅಲ್ಲಿ ಬೆಳೆಸಿದ ಕಂಪನಿಯ ಹೆಸರು ಫ್ರಾಟೆಲಿ. ಇಟಲಿಯ ಭಾಷೆಯಲ್ಲಿ ಅಣ್ಣ-ತಮ್ಮಂದಿರು ಎಂದು ಅರ್ಥ. ಅಲ್ಲಿಯ ಮತ್ತು ಇಲ್ಲಿಯ ಸೋದರರು ಕೂಡಿ ಕಟ್ಟಿದ್ದು. ನಮ್ಮ ನಂದಿ ಬೆಟ್ಟಕ್ಕೆ ಮೂರು ಬೀಜ. ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನಿಗೂ ಮೂರು. ಮಾವಶಿ, ಗೋವಾದ ಆಂಟಿ ಇಬ್ಬರೂ ಅದರ ಪಕ್ಷ. ನಾಸಿಕದ ಶಿರಾಜಿಗೆ ಒಂದು. ಐದನೆಯದಕ್ಕೆ ಸೊನ್ನೆ. ಕಾಗದ ಬಿಚ್ಚಿದರೆ ಅದು ಬ್ಯಾಂಕಿನವರೇ ನಿಯಮ ಮುರಿದು ತಂದ ಪರದೇಶದ ಬಾಟಲಿ, ಬೆಲೆ ಮೂರು ಸಾವಿರದ ಮೇಲೆ! ಅವರು ತಲೆ ಚಚ್ಚಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕರು. ಆಮದು ವೈನಿನ ಮೇಲಿನ ಸುಂಕ ಬಹಳ ವರ್ಷ ಶೇಕಡಾ 150 ಇತ್ತು. ಅದರ ಮೇಲೆ ರಾಜ್ಯದ ತೆರಿಗೆ ಬೇರೆ. ಮದ್ಯ ಜಿ.ಎಸ್.ಟಿ.ಯ ಹೊರಗಿರುವುದರಿಂದ ಒಂದು ರಾಜ್ಯದ ಬಾಟಲಿ ಇನ್ನೊಂದು ರಾಜ್ಯದಲ್ಲಿ ದುಬಾರಿಯಾಗುತ್ತದೆ. ಅಂದರೆ ನಾವು ಕೊಡುವ ಹಣದಲ್ಲಿ ಎಷ್ಟೋ ಪಾಲು ರುಚಿಗಲ್ಲ, ತೆರಿಗೆಗೆ. ಹತ್ತಿರದ ತೋಟದ್ದನ್ನು ತಂದರೆ ಅದೇ ಲಾಭ. ಬೆಲೆಯ ಚೀಟಿ ಮುಚ್ಚಿದರೆ ನಾಲಿಗೆ ಖರೇ ಹೇಳುತ್ತದೆ. ಇದು ಸೀರೆಗೂ ಅನ್ವಯಿಸುತ್ತದೆ ಎಂದು ನಮ್ಮವರು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು!

ಆದರೆ ಮಕ್ಕಳೇ, ನಾನು ಈ ಲೇಖನ ಬರೆಯುತ್ತಿರುವುದು ಇವಾವುದಕ್ಕೂ ಅಲ್ಲ.

ಐದನೇ ಮಹಡಿಯ ಗೃಹಸ್ಥರೊಬ್ಬರು ಆ ಸಂಜೆ ನಮ್ಮ ಜೊತೆಯೇ ಕೂತಿದ್ದರು. ಕೈಯಲ್ಲಿ ಎಲ್ಲರಂತೆಯೇ ಗ್ಲಾಸು, ಅದರಲ್ಲಿ ಎಲ್ಲರಂತೆಯೇ ಕೆಂಪು. ಎಲ್ಲರ ಜೊತೆ ಎತ್ತಿ ಹಿಡಿದರು, ಹರಟೆ ಹೊಡೆದರು. ಪಾತ್ರೆ ಎತ್ತುವಾಗ ನಾನು ಅವರ ಗ್ಲಾಸು ತೆಗೆದುಕೊಂಡೆ. ವಾಸನೆ ಬೇರೆ. ಕೋಕಮ್ ಶರಬತ್ತು! ನಾನು ಮುಖ ನೋಡಿದ್ದನ್ನು ಗಮನಿಸಿ ಅವರೇ ಹೇಳಿದರು: "ವಹಿನಿ, ಹನ್ನೊಂದು ವರ್ಷ ಆಯಿತು ಬಿಟ್ಟು. ಮೊದಲು ಬಹಳ ಕೆಟ್ಟಿದ್ದೆ. ಒಂದು ಗುಟುಕೂ ನನಗೆ ಆಗದು. ಇಲ್ಲಿ ಎಲ್ಲರಿಗೂ ಗೊತ್ತು. ಪ್ರತಿ ಸಲ ಮಾವಶಿಯೇ ನನಗೆ ಕೋಕಮ್ ಮಾಡಿ ತರುತ್ತಾರೆ." ಅಷ್ಟೇ. ಯಾರೂ ಅವರಿಗೆ "ಒಂದೇ ಒಂದು" ಎನ್ನಲಿಲ್ಲ. ಯಾರೂ ಅವರನ್ನು ಬಿಟ್ಟು ಸೇರಲೂ ಇಲ್ಲ.

ನಾನು ನಲ್ಲಿಯ ಹತ್ತಿರ ಹೋಗಿ ಗ್ಲಾಸು ತೊಳೆಯುವ ನೆವದಿಂದ ಸ್ವಲ್ಪ ಹೊತ್ತು ನಿಂತೆ. ನಮ್ಮ ಕಾಕಾನಿಗೂ ಹೀಗೆ ಒಂದು ಜಮಖಾನೆ, ಒಬ್ಬ ಮಾವಶಿ, ಒಂದು ಗ್ಲಾಸು ಕೋಕಮ್ ಸಿಕ್ಕಿದ್ದರೆ? ಉಳಿಯುತ್ತಿದ್ದನೋ ಇಲ್ಲವೋ, ಹೇಳಲಾರೆ. ಅದೊಂದು ರೋಗ, ಅದಕ್ಕೆ ಡಾಕ್ಟರರೂ ಬೇಕು. ಆದರೆ ಬಣವೆಯ ಹಿಂದೆ ಒಬ್ಬನೇ ಇರುತ್ತಿರಲಿಲ್ಲ. ಈ ವಿಷಯ ಬರೆಯಲೇ ಎಂದು ಆ ಗೃಹಸ್ಥರನ್ನು ಕೇಳಿದೆ. "ಹೆಸರು ಬೇಡ, ಕೋಕಮ್ ಮಾತ್ರ ಬರೆಯಿರಿ" ಎಂದರು.

ಈಗ ತಾಯಿಯಾಗಿ ಕೆಲವು ಲೆಕ್ಕದ ಮಾತು. ಬೇಸರಿಸಬೇಡಿ.

ವೈನ್ ಎಂದರೆ ಹಣ್ಣಿನ ರಸ, ಏನೂ ಆಗುವುದಿಲ್ಲ ಎಂದು ಹೇಳುವವರಿದ್ದಾರೆ. ಲೆಕ್ಕ ಹಾಕಿ. ಕೆಂಪು ವೈನಿನಲ್ಲಿ ಸಾಧಾರಣವಾಗಿ ಶೇಕಡಾ 12ರಿಂದ 14 ಮದ್ಯಾಂಶ. 150 ಮಿಲಿಲೀಟರಿನ ಒಂದು ಗ್ಲಾಸಿನಲ್ಲಿ ಸುಮಾರು 19 ಮಿಲಿಲೀಟರ್ ಶುದ್ಧ ಮದ್ಯ. 30 ಮಿಲಿಲೀಟರಿನ ಸಣ್ಣ ಪೆಗ್ ವಿಸ್ಕಿಯಲ್ಲಿರುವುದು ಸುಮಾರು 13. ಅಂದರೆ ಒಂದು ಗ್ಲಾಸು ವೈನ್ ಒಂದೂವರೆ ಸಣ್ಣ ಪೆಗ್ಗಿಗೆ ಸಮ. 750 ಮಿಲಿಲೀಟರಿನ ಬಾಟಲಿಯಲ್ಲಿ ಅಂಥವು ಐದು ಗ್ಲಾಸು. ಒಬ್ಬನೇ ಕೂತು ಖಾಲಿ ಮಾಡುವ ವಸ್ತುವಲ್ಲ ಅದು. ನಮ್ಮ ತಾರಸಿಯಲ್ಲಿ ಐದು ಬಾಟಲಿ ಹನ್ನೊಂದು ಜನರಲ್ಲಿ ಹಂಚಿ, ಒಂದು ಬಾಟಲಿಯಷ್ಟು ಉಳಿದೂ ಇತ್ತು. ಉಳಿದದ್ದನ್ನು ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು-ನಾಲ್ಕು ದಿನ ಚೆನ್ನಾಗಿರುತ್ತದೆ. ಮುಗಿಸಲೇಬೇಕೆಂಬ ಆತುರ ಬೇಡ.

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಮಾತು 1990ರ ದಶಕದಲ್ಲಿ ಬಹಳ ಓಡಾಡಿತು. ಅದನ್ನು ನೆಪ ಮಾಡಿಕೊಳ್ಳಬೇಡಿ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಔಷಧವೆಂದು ಯಾರೂ ಕುಡಿಯಬೇಕಾಗಿಲ್ಲ. ನಮ್ಮ ಅಜ್ಜಿ ಕ್ಷಮಿಸಲಿ! ಗಾಡಿ ಓಡಿಸುವುದಿದ್ದರೆ ಒಂದು ಗುಟುಕೂ ಬೇಡ. ರಕ್ತದ ಪ್ರತಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯಡಿ ಅಪರಾಧ. 2019ರ ತಿದ್ದುಪಡಿಯ ಮೇಲೆ ಮೊದಲ ಸಲವೇ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಮ್ಮ ತಾರಸಿಯವರು ಮನೆಗೆ ಹೋಗಲು ಮೆಟ್ಟಿಲು ಇಳಿದರೆ ಸಾಕಿತ್ತು. ನೆರೆಹೊರೆಯ ಕೂಟಕ್ಕೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೇನು ಬೇಕು? ನಿಮ್ಮಲ್ಲಿ ಕಾನೂನು ಹೇಳುವ ವಯಸ್ಸು ತುಂಬದವರಿಗೆ ಕೋಕಮ್ಮೇ ಸರಿ. ಅದರ ಬಣ್ಣವೂ ಕೆಂಪೇ!

ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದೇ. ನಮ್ಮ ಪೀಳಿಗೆಯವರು ನಿಮಗೆ ಬೈಯುವುದನ್ನು ಕಲಿತೆವು, ಮೌನ ಹಿಡಿಯುವುದನ್ನು ಕಲಿತೆವು, ಕೇಳುವುದನ್ನು ಕಲಿಯಲಿಲ್ಲ. ನೀವು ಮುಚ್ಚಿಡುವುದನ್ನು ಕಲಿತಿರಿ. ಮುಚ್ಚಿಟ್ಟ ಬಾಟಲಿಗೆ ಅಳತೆ ಇರುವುದಿಲ್ಲ, ನೋಡುವ ಕಣ್ಣು ಇರುವುದಿಲ್ಲ, "ಸಾಕು" ಎನ್ನುವ ಬಾಯಿ ಇರುವುದಿಲ್ಲ. ಹಂಚಿಕೊಂಡ ಬಾಟಲಿಗೆ ಮೂರೂ ಇರುತ್ತವೆ. ಕುಡಿಯದಿದ್ದರೆ ಬಹಳ ಒಳ್ಳೆಯದು. ಕುಡಿಯುವುದೇ ಆದರೆ ಎದುರಿಗೆ, ಊಟದ ಜೊತೆ, ನಾಲ್ಕು ಜನರ ನಡುವೆ, ಅಳತೆಯಲ್ಲಿ. ಬೇಡವೆಂದವರ ಗ್ಲಾಸಿನಲ್ಲಿ ಏನಿದೆ ಎಂದು ಕೇಳಬೇಡಿ. ಅಳತೆ ತಪ್ಪುತ್ತಿದೆ ಎಂದು ನಿಮಗೆ ಅನಿಸಿದ ದಿನ ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ತಾಯಿ ಮೂರು ದಿನ ಮಾತು ಬಿಟ್ಟಾಳು, ನಾಲ್ಕನೇ ದಿನ ಬಂದು ಪಕ್ಕದಲ್ಲಿ ಕೂತೇ ಕೂರುತ್ತಾಳೆ.

ಯುಗಾದಿಗೆ ಊರಿಗೆ ಹೋದಾಗ ಅಪ್ಪನಿಗೆ ಈ ಕಥೆ ಹೇಳಿದೆ. ಅಪ್ಪನಿಗೆ ಈಗ ಎಂಬತ್ತೈದು. ಬೈಯುತ್ತಾನೇನೋ ಎಂದುಕೊಂಡಿದ್ದೆ. ವೈನಿನ ವಿಷಯ ಎತ್ತಲೇ ಇಲ್ಲ. ಸುಮ್ಮನೆ ಕೂತು, ಬಹಳ ಹೊತ್ತಿನ ಮೇಲೆ ಕೇಳಿದ: "ಆ ಐದನೇ ಮಾಳಗಿ ಮನಷಾ, ಈಗ ಅರಾಮ ಅದಾನಲ್ಲ?"

"ಅರಾಮ ಅದಾರಪ್ಪಾ" ಎಂದೆ.

ಒಳಗೆ ಹೋಗಿ ಈ ವರ್ಷದ ಒಣದ್ರಾಕ್ಷಿಯ ಎರಡು ಕಿಲೋ ಚೀಲ ತಂದು ನನ್ನ ಬ್ಯಾಗಿನ ಪಕ್ಕ ಇಟ್ಟ. "ಒಂದು ನಿಮಗ. ಒಂದು ಅವರಿಗೆ ಕೊಡು" ಎಂದ.

ಪುಣೆಗೆ ಬಂದ ದಿನವೇ ಐದನೇ ಮಹಡಿಗೆ ಹೋಗಿ ಕೊಟ್ಟು ಬಂದೆ.